ಕಾಲಂ ಸೆಂಟಿಮೀಟರ್ ಬಿಟ್ಟು ಕಿಲೋಮೀಟರ್ ಹಿಡಿದ ಕತೆ

ಹದಿನೆಂಟು ವರ್ಷ ನಾನು ಅಳೆದದ್ದು ಕಾಲಂ ಸೆಂಟಿಮೀಟರ್. ದಾವಣಗೆರೆಯ ಒಂದು ಸ್ಥಳೀಯ ದಿನಪತ್ರಿಕೆಗೆ ಜಾಹೀರಾತು ತರುವುದು ನನ್ನ ಕೆಲಸವಾಗಿತ್ತು. ಸ್ಕೂಟರಿನ ಡಿಕ್ಕಿಯಲ್ಲಿ ರೇಟ್ ಕಾರ್ಡ್, ರಸೀದಿ ಪುಸ್ತಕ, ಗಿರಾಕಿಗಳಿಗೆ ಕೊಡಲು ಹತ್ತು ಪ್ರತಿ. ಅಗಲಕ್ಕೆ ಎಷ್ಟು ಕಾಲಂ, ಎತ್ತರಕ್ಕೆ ಎಷ್ಟು ಸೆಂಟಿಮೀಟರ್, ಗುಣಿಸಿ ದರ ಹಾಕಿದರೆ ಬಿಲ್ಲು. ಅದರಲ್ಲಿ ಶೇ 15 ನನ್ನದು.

ಗಿರಾಕಿ ದುಡ್ಡು ಕೊಡುತ್ತಿದ್ದದ್ದು ಜಾಗಕ್ಕೆ ಎಂದು ಬಿಲ್ಲು ಹೇಳುತ್ತಿತ್ತು, ಅಷ್ಟೆ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಮಂಡಿಪೇಟೆಯ ವರ್ತಕರು ಕಾಲು ಪುಟದ ಶುಭಾಶಯ ಹಾಕಿಸುತ್ತಿದ್ದರು. ಅದನ್ನು ಓದಿ ಯಾರೂ ಅಂಗಡಿ ಹುಡುಕಿಕೊಂಡು ಬರುವುದಿಲ್ಲ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಪಕ್ಕದ ಅಂಗಡಿಯವರದು ಬಂದು ತಮ್ಮದು ಬರದಿದ್ದರೆ ಊರು ಏನೆಂದೀತು ಎಂಬ ಅಳುಕೇ ನನ್ನ ಬಂಡವಾಳ. ಬಿಲ್ಲಿನ ಅರ್ಧ ಮುಂದಿನ ಜಾತ್ರೆಯವರೆಗೂ ಬಾಕಿ ನಿಲ್ಲುತ್ತಿತ್ತು, ಅದು ಬೇರೆ ಮಾತು.

ಮೊದಲು ಕೈಬಿಟ್ಟು ಹೋದವು ಸಣ್ಣವು. 'ಮನೆ ಬಾಡಿಗೆಗೆ ಇದೆ', 'ಸೇಲ್ಸ್‌ಮನ್ ಬೇಕಾಗಿದ್ದಾರೆ', ಹಳೆಯ ಬೈಕು, ಟ್ಯೂಷನ್. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಎಲ್ಲರ ಕೈಗೂ ಡೇಟಾ ಸಿಕ್ಕ ಮೇಲೆ ಇವೆಲ್ಲ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಪುಕ್ಕಟೆ ಓಡಾಡತೊಡಗಿದವು. ನಮಗೆ ಉಳಿದದ್ದು ಕಾನೂನು ಕೇಳುವಂಥವು ಮತ್ತು ಸಾವು: ಟೆಂಡರ್, ನ್ಯಾಯಾಲಯದ ನೋಟಿಸು, ಹೆಸರು ಬದಲಾವಣೆ, ಶ್ರದ್ಧಾಂಜಲಿ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಿದ್ದಿತು. ಪುಟ ಅರ್ಧಕ್ಕಿಳಿಯಿತು, ಏಪ್ರಿಲ್ ತಿಂಗಳ ನನ್ನ ಕಮಿಷನ್ ಸೊನ್ನೆ.

ಆ ವರ್ಷ ದಸರಾ ಹತ್ತಿರ ಬಂದಾಗ ಚೌಕಿಪೇಟೆಯ ಒಬ್ಬ ಸೀರೆ ಅಂಗಡಿಯ ಮಾಲೀಕರು, ನನ್ನ ಹಳೆಯ ಗಿರಾಕಿ, ಕೇಳಿದರು: "ಫೋನಿನಲ್ಲಿ ಹಾಕಲು ಬರುತ್ತದೆಯೇ ನಿಮಗೆ?" ಬರುತ್ತದೆ ಎಂದೆ. ಬರುತ್ತಿರಲಿಲ್ಲ. ಬಿ.ಕಾಂ. ಓದುತ್ತಿದ್ದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ರಾತ್ರಿ ಕಲಿತೆ.

ಮೊದಲ ವಿನ್ಯಾಸ ಮಾಡಿದ್ದು ಪತ್ರಿಕೆಯ ಹಳೆಯ ಕಲಾವಿದರು. ಜಾಗಕ್ಕೆ ದುಡ್ಡು ಕೊಟ್ಟ ಮೇಲೆ ಖಾಲಿ ಏಕೆ ಬಿಡಬೇಕು ಎಂಬುದು ನಮ್ಮ ಕಸುಬಿನ ಧರ್ಮ. ಮೇಲೆ ದೇವಿ, ಕೆಳಗೆ ಅಣ್ಣತಮ್ಮಂದಿರ ಫೋಟೊ, ನಾಲ್ಕು ಫೋನ್ ನಂಬರು, ನಡುವೆ ಹದಿನಾರು ಬಗೆಯ ಸೀರೆಗಳ ಪಟ್ಟಿ. ಮೊಬೈಲಿನಲ್ಲಿ ತೆರೆದರೆ ಇರುವೆ ಸಾಲು. ಸಾಲದ್ದಕ್ಕೆ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದ ಒಕ್ಕಣೆಯನ್ನು ನಕಲಿಸಿ ಅಂಟಿಸಿದರೆ ಎಲ್ಲ ಫೋನುಗಳೂ ಓದುವ ಯೂನಿಕೋಡ್ ಅಲ್ಲದ ಕಾರಣ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳ ಕಸವಾಯಿತು. ಫೇಸ್‌ಬುಕ್‌ನಲ್ಲಿ ಚಿತ್ರದ ಶೇ 20ಕ್ಕಿಂತ ಹೆಚ್ಚು ಭಾಗದಲ್ಲಿ ಅಕ್ಷರವಿದ್ದರೆ ಜಾಹೀರಾತು ಕಡಿಮೆ ಜನರಿಗೆ ಹೋಗುವ ಕಟ್ಟಳೆಯೊಂದು ಮೊದಲು ಇತ್ತು. ನಾನು ಬರುವ ಹೊತ್ತಿಗೆ ಅದನ್ನು ತೆಗೆದಿದ್ದರು. ನನ್ನಂಥವರಿಗಾಗಿಯಾದರೂ ಅದನ್ನು ಉಳಿಸಿಕೊಳ್ಳಬೇಕಿತ್ತು.

ಎರಡನೆಯ ಸಲ ಒಂದೇ ಸೀರೆ. ಕನಕಾಂಬರ ಬಣ್ಣದ ಇಳಕಲ್, ಸೆರಗು ಬಿಡಿಸಿ ಬಾಗಿಲ ಬಳಿಯ ಬಿಸಿಲಿನಲ್ಲಿ ತೆಗೆದ ಫೋಟೊ. ಟ್ಯೂಬ್‌ಲೈಟಿನಲ್ಲಿ ತೆಗೆದಾಗ ಅದು ಇಟ್ಟಿಗೆ ಬಣ್ಣ ಕಾಣುತ್ತಿತ್ತು. ಅಕ್ಷರ ಒಂದೇ ಸಾಲು, ಬೆಲೆ ಸಮೇತ. ದಿನಕ್ಕೆ 300 ರೂಪಾಯಿಯಂತೆ ಹತ್ತು ದಿನ. ಜಾಹೀರಾತು ಎಲ್ಲಿಯವರಿಗೆ ಕಾಣಬೇಕು ಎಂದು ಫೇಸ್‌ಬುಕ್ಕಿನ ನಕ್ಷೆಯಲ್ಲಿ ದಾವಣಗೆರೆಯನ್ನು ನಡುವೆ ಇಟ್ಟು 40 ಕಿಲೋಮೀಟರ್ ವೃತ್ತ ಎಳೆದೆ, ಹರಿಹರ, ರಾಣೆಬೆನ್ನೂರು ಒಳಗೆ ಬರಲಿ ಎಂದು. 146 ವಾಟ್ಸ್‌ಆ್ಯಪ್ ಸಂದೇಶ ಬಂದವು. ನಾನು ಹಿಗ್ಗಿದೆ. ಮಾಲೀಕರು ಹಿಗ್ಗಲಿಲ್ಲ, ಅಂಗಡಿಗೆ ಬಂದವರು ಏಳೇ ಜನ.

ಲೆಕ್ಕ ಎಲ್ಲಿ ಸೋರುತ್ತಿದೆ ಎಂದು ನೋಡಲು ಎರಡು ದಿನ ಗಲ್ಲಾಪೆಟ್ಟಿಗೆಯ ಪಕ್ಕ ಸ್ಟೂಲು ಹಾಕಿಕೊಂಡು ಕುಳಿತೆ. ವೃತ್ತದೊಳಗೆ ವಾಸಿಸುವವರು ಮಾತ್ರವಲ್ಲ, ಇತ್ತೀಚೆಗೆ ಅಲ್ಲಿ ಹಾದುಹೋದವರೂ ಲೆಕ್ಕಕ್ಕೆ ಬರುವ ಆಯ್ಕೆಯನ್ನು ನಾನು ಹಾಗೇ ಬಿಟ್ಟಿದ್ದೆ. ಊರ ಪಕ್ಕದಲ್ಲೇ ಪುಣೆ-ಬೆಂಗಳೂರು ಹೆದ್ದಾರಿ. ಹುಬ್ಬಳ್ಳಿಯವರು, ಬೆಂಗಳೂರಿನವರು ಬೆಲೆ ಕೇಳುತ್ತಿದ್ದರು. ತಪ್ಪು ನನ್ನದೇ, ಆ ಆಯ್ಕೆ ಬದಲಿಸಿದೆ.

ಇನ್ನೊಂದು ಸೋರಿಕೆ ಅಂಗಡಿಯೊಳಗಿತ್ತು. ಸಂದೇಶಗಳು ಬರುವುದು ರಾತ್ರಿ ಒಂಬತ್ತೂವರೆಯಿಂದ ಹನ್ನೊಂದರವರೆಗೆ, ಧಾರಾವಾಹಿ ಮುಗಿದು ಅಡುಗೆಮನೆ ತೊಳೆದಾದ ಮೇಲೆ. ಅಂಗಡಿ ಮುಚ್ಚುವುದು ಒಂಬತ್ತಕ್ಕೆ. ಮರುದಿನ ಹನ್ನೊಂದಕ್ಕೆ ಹುಡುಗ ಫೋನ್ ತೆಗೆದು ಎಲ್ಲರಿಗೂ ಒಂದೇ ಉತ್ತರ ಹಾಕುತ್ತಿದ್ದ: 'ಅಂಗಡಿಗೆ ಬನ್ನಿ.' ಕೇಳಿದವರು ಕೇಳಿದ್ದು ಬ್ಲೌಸ್ ಪೀಸ್ ಸೇರಿದೆಯೇ, ಇದೇ ಸೀರೆ ಹಸಿರಿನಲ್ಲಿ ಇದೆಯೇ ಎಂದು. ಅಂದಿನಿಂದ ಆ ಫೋನನ್ನು ರಾತ್ರಿ ನಾನೇ ಮನೆಗೆ ಒಯ್ದೆ. ಇಳಕಲ್ ಸೀರೆಯ 'ಟೋಪ್ ತೆನಿ' ಎಂಬ ಸಾಂಪ್ರದಾಯಿಕ ಸೆರಗಿನ ಬಗ್ಗೆ ಈಗ ನಾನು ಹೆಂಡತಿಗಿಂತ ಹೆಚ್ಚು ಮಾತನಾಡಬಲ್ಲೆ. ಎರಡನೆಯ ಸುತ್ತಿನಲ್ಲಿ ಸಂದೇಶ ಅರ್ಧಕ್ಕಿಳಿಯಿತು, ಅಂಗಡಿಗೆ ಬಂದವರು ಮೂವತ್ತೊಂದು. ನನ್ನ ಹದಿನೆಂಟು ವರ್ಷದ ಕಸುಬಿನಲ್ಲಿ ಯಾವ ಜಾಹೀರಾತಿಗೂ ಇಂಥ ಲೆಕ್ಕ ಇಟ್ಟಿರಲಿಲ್ಲ, ಯಾರೂ ಕೇಳಿರಲಿಲ್ಲ.

ಗೂಗಲ್ ಹುಡುಕಾಟದ ಜಾಹೀರಾತು ಬೇರೆಯೇ ಪಾಠ. ಒಂದು ವಾರದ ದುಡ್ಡಿನ ಬಹುಪಾಲು 'ಸೀರೆ ಉಡುವುದು ಹೇಗೆ' ಎಂದು ಹುಡುಕಿದವರ ಕ್ಲಿಕ್ಕಿಗೆ ಹೋಯಿತು. 'ಹೇಗೆ', 'ವಿಡಿಯೊ', 'ಕೆಲಸ' ಮುಂತಾದ ಮಾತುಗಳಿದ್ದರೆ ನಮ್ಮದು ಕಾಣಿಸಬಾರದು ಎಂದು ತಡೆಪಟ್ಟಿ ಹಾಕಬೇಕೆಂದು ತಿಳಿದದ್ದು ಆಮೇಲೆ. ಕನ್ನಡ ಲಿಪಿಯಲ್ಲಿ ಹುಡುಕುವವರಿಗಿಂತ ಕನ್ನಡ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವವರು ನಮ್ಮಲ್ಲಿ ಹೆಚ್ಚು. ದಾವಣಗೆರೆಯನ್ನು ಜನ ಎಷ್ಟು ಬಗೆಯಲ್ಲಿ ಬರೆಯುತ್ತಾರೆ ಎಂದು ಜನ ಹುಡುಕಿದ ಮಾತುಗಳ ಪಟ್ಟಿ ನೋಡಿಯೇ ಗೊತ್ತಾಯಿತು.

ಬಿಲ್ಲು ಕೊಟ್ಟಾಗ ಮಾಲೀಕರ ಹುಬ್ಬು ಮೇಲೇರಿತು. ಪತ್ರಿಕೆಯ ಜಾಗಕ್ಕೆ ಜಿಎಸ್‌ಟಿ ಶೇ 5, ಆನ್‌ಲೈನ್ ಜಾಹೀರಾತಿಗೆ ಶೇ 18. "ಕಾಗದ ಇಲ್ಲ, ಮಸಿ ಇಲ್ಲ, ತೆರಿಗೆ ಮಾತ್ರ ಮೂರೂವರೆ ಪಟ್ಟೇ?" ಎಂದರು. ಈ ಪ್ರಶ್ನೆಯನ್ನು ಇಂದಿಗೂ ಪ್ರತಿ ಹೊಸ ಗಿರಾಕಿ ಕೇಳುತ್ತಾನೆ.

ಇತ್ತ ಪತ್ರಿಕೆಯವರೂ ಸುಮ್ಮನಿರಲಿಲ್ಲ, ಜಾಲತಾಣ ತೆರೆದರು. ಜಾಲತಾಣದಲ್ಲಿ ಜಾಹೀರಾತು ತೋರಿಸಿ ಅದರ ಮಾಲೀಕರಿಗೆ ದುಡ್ಡಿನ ಪಾಲು ಕೊಡುವ ಗೂಗಲ್‌ನ ಆ್ಯಡ್‌ಸೆನ್ಸ್ ಹಿಂದಿಗೆ ಬಂದದ್ದು 2014ರಲ್ಲಿ, ತಮಿಳು ತೆಲುಗಿಗೆ 2018ರಲ್ಲಿ. ಕನ್ನಡದ ಸರದಿ ಇನ್ನೂ ಆಮೇಲೆ. ಖಾತೆಯಲ್ಲಿ 10 ಡಾಲರ್ ಸೇರಿದಾಗ ವಿಳಾಸ ಖಾತ್ರಿಗೆ ಪಿನ್ ನಂಬರಿನ ಕಾಗದವೊಂದು ಅಂಚೆಯಲ್ಲಿ ಬಂತು. ಇಂಟರ್‌ನೆಟ್ಟಿನ ದುಡ್ಡಿಗೆ ಪೋಸ್ಟ್‌ಮ್ಯಾನ್ ಬರಬೇಕೇ ಎಂದು ಕಚೇರಿಯೆಲ್ಲ ನಕ್ಕಿತು. 100 ಡಾಲರ್ ದಾಟಿದರೆ ಮಾತ್ರ ಹಣ ಕೈಗೆ. ಅದಕ್ಕೆ ಐದು ತಿಂಗಳು ಹಿಡಿಯಿತು. ಬಂದದ್ದು ಏಳೂವರೆ ಸಾವಿರದ ಆಸುಪಾಸು. ನಾನು ಒಂದು ಮಧ್ಯಾಹ್ನ ಎರಡು ಶ್ರದ್ಧಾಂಜಲಿ ತಂದರೆ ಅಷ್ಟಾಗುತ್ತಿತ್ತು. ಸಂಪಾದಕರು ಆ ಮೊತ್ತವನ್ನು ಎರಡು ಸಲ ಓದಿ ಕನ್ನಡಕ ಒರೆಸಿಕೊಂಡರು.

ಈಗ ನನ್ನ ಬಳಿ ಒಂಬತ್ತು ಅಂಗಡಿಗಳಿವೆ. ಕಮಿಷನ್ ಲೆಕ್ಕ ಬಿಟ್ಟು ತಿಂಗಳಿಗೆ ಇಂತಿಷ್ಟು ಎಂದು ಸಂಬಳದಂತೆ ಪಡೆಯುತ್ತೇನೆ. ಖರ್ಚು ಹೆಚ್ಚಿಸಿದಷ್ಟೂ ನನಗೆ ಲಾಭ ಎಂಬ ಹಳೆಯ ಪದ್ಧತಿಯಲ್ಲಿ ಗಿರಾಕಿಗೆ 'ಈ ವಾರ ಹಾಕಬೇಡಿ' ಎನ್ನಲು ಬಾಯಿ ಬರುತ್ತಿರಲಿಲ್ಲ. ಪತ್ರಿಕೆಗೂ ಜಾಹೀರಾತು ತರುತ್ತೇನೆ, ಹಬ್ಬ ಹರಿದಿನಗಳಲ್ಲಿ ಮಾತ್ರ.

ಸೀರೆ ಅಂಗಡಿಯವರು ಪ್ರತಿ ಸೋಮವಾರ ಕೇಳುತ್ತಾರೆ, ಒಂದು ಸಂದೇಶಕ್ಕೆ ಎಷ್ಟು ಬಿತ್ತು ಎಂದು. ಹದಿನೆಂಟು ರೂಪಾಯಿಯಿಂದ ಇಪ್ಪತ್ತೆರಡಕ್ಕೆ ಏರಿದರೆ ಕಾರಣ ಕೊಡಬೇಕು. 2024ರ ದುಗ್ಗಮ್ಮನ ಜಾತ್ರೆಗೆ ಅವರೇ ಕರೆದು ಪತ್ರಿಕೆಗೆ ಕಾಲು ಪುಟ ಹಾಕಿಸಿದರು. ಮೇಲೆ ದೇವಿ, ಕೆಳಗೆ ಅಣ್ಣತಮ್ಮಂದಿರು, ನಾಲ್ಕು ಫೋನ್ ನಂಬರು. ಎಷ್ಟು ಜನ ನೋಡಿದರು ಎಂದು ಕೇಳಲಿಲ್ಲ, ಐದು ಪ್ರತಿ ಹೆಚ್ಚಿಗೆ ಕೇಳಿದರು. ಆ ಬಿಲ್ಲಿನ ಅರ್ಧ ಇನ್ನೂ ಬಾಕಿ ಇದೆ.