2012ರ ಲ್ಯಾಪ್‌ಟಾಪ್, ಏಳು ಸಾವಿರದ ಖರ್ಚು: ನನ್ನ ಅನುಭವ

ಈ ಲ್ಯಾಪ್‌ಟಾಪ್‌ಗೆ ದುಡ್ಡು ಹಾಕೋದು ದಂಡ ಅಂತ ಹೇಳದವರೇ ಇಲ್ಲ. ಅಂಗಡಿಯವರು ಎಕ್ಸ್‌ಚೇಂಜ್‌ಗೆ ಮೂರು ಸಾವಿರ ಕೊಡ್ತೀವಿ ಅಂದರು. ನಮ್ಮ ಭಾವ ಅಂತೂ ನೇರವಾಗಿ ಗುಜರಿಗೆ ಹಾಕು ಅಂದರು. ಈ ಸಲದ ಮದುವೆ ಸೀಸನ್‌ನ ಲಗ್ನಪತ್ರಿಕೆ ಕೆಲಸ ಪೂರ್ತಿ ಇದರಲ್ಲೇ ಮುಗಿಸಿದ್ದೇನೆ. ಅದಕ್ಕೇ ಈಗ ಬರೆಯುವ ಧೈರ್ಯ ಬಂದಿದೆ.

ಮೆಷೀನು ಬಿಸಿನೆಸ್ ಮಾಡೆಲ್. ಇಂಟೆಲ್ ಐ5-3320ಎಂ, 4 ಜಿಬಿ ರ‍್ಯಾಮ್, 5400 ಆರ್‌ಪಿಎಂನ ನಿಧಾನದ ಹಾರ್ಡ್ ಡಿಸ್ಕ್. ಹೊಸದು ಯಾಕೆ ಬೇಡ ಅಂದರೆ, ನನ್ನದು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ವಿನ್ಯಾಸ ಮಾಡೋ ಕೆಲಸ. ವರ್ಷಗಟ್ಟಲೆ ಕೂಡಿಟ್ಟ ಪೇಜ್‌ಮೇಕರ್ (ಹಳೆ ಪುಟ ವಿನ್ಯಾಸದ ಸಾಫ್ಟ್‌ವೇರ್) ಫೈಲುಗಳಿವೆ, ಎಲ್ಲಾ ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆ ಆಸ್ಕಿ ಫಾಂಟಿನವು, ಅಂದರೆ ಯೂನಿಕೋಡ್‌ ಅಲ್ಲದವು. ಗಿರಾಕಿ ಬಂದು "ಅಣ್ಣನ ಮದುವೆ ಕಾರ್ಡೇ ತೆಗೀರಿ, ಹೆಸರು ಮಾತ್ರ ಬದಲಾಯಿಸಿ" ಅಂತಾರೆ. ನಲವತ್ತೈದು ಸಾವಿರ ಕೊಟ್ಟು ಹೊಸದು ತಂದರೂ ಅದರಲ್ಲಿ ಓಡಬೇಕಾದದ್ದು ಇದೇ ಹಳೆ ಸಾಫ್ಟ್‌ವೇರ್ ಅಲ್ವಾ?

ಹಳೆ ಲ್ಯಾಪ್‌ಟಾಪ್ ಚುರುಕು ಮಾಡಲು ಎಲ್ಲರೂ ಎಸ್‌ಎಸ್‌ಡಿಯಿಂದ (ಹಾರ್ಡ್ ಡಿಸ್ಕ್ ಬದಲಿಗೆ ಹಾಕುವ, ತಿರುಗುವ ಭಾಗವಿಲ್ಲದ ವೇಗದ ಡ್ರೈವ್) ಶುರು ಮಾಡುತ್ತಾರೆ. ನಾನು ಫ್ಯಾನ್‌ನಿಂದ ಶುರು ಮಾಡಿದೆ. ಬಿಸಿಯಾಗಿ ತಾನೇ ಸ್ಪೀಡ್ ಇಳಿಸಿಕೊಳ್ಳುವ ಪ್ರೊಸೆಸರ್‌ಗೆ ಎಂಥ ಎಸ್‌ಎಸ್‌ಡಿ ಹಾಕಿದರೂ ಅಷ್ಟೇ. ಹೊರಗಿನಿಂದ ಬ್ಲೋವರ್ ಹಿಡಿದರೆ ಸಾಕು ಅನ್ನೋರನ್ನು ನಂಬಬೇಡಿ. ಪ್ರೊಸೆಸರ್‌ನ ಬಿಸಿ ಹೊರಹಾಕುವ ಹೀಟ್‌ಸಿಂಕ್ ಬಿಚ್ಚಿದಾಗ ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಧೂಳು ಹಳೇ ಕಂಬಳಿ ತುಂಡಿನ ಹಾಗೆ ಕೂತಿತ್ತು. ಇಕ್ಕಳದಲ್ಲಿ ಒಂದು ತುದಿ ಹಿಡಿದು ಎಳೆದರೆ ಇಡೀ ಪಟ್ಟಿ ಒಂದೇ ಸಲಕ್ಕೆ ಬಂತು. ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸಲು ಚಿಪ್ ಮೇಲೆ ಹಚ್ಚಿರುವ ಪೇಸ್ಟ್ ಒಣಗಿ ಉಗುರಿಗೆ ಪುಡಿಯಾಗಿ ಉದುರುತ್ತಿತ್ತು. ಹೊಸ ಪೇಸ್ಟ್ ಮುನ್ನೂರು ರೂಪಾಯಿ ಚಿಲ್ಲರೆ. ಮೊದಲು ಜೋರು ಕೆಲಸದಲ್ಲಿ 95 ಡಿಗ್ರಿ ಮುಟ್ಟುತ್ತಿದ್ದದ್ದು ಈಗ 75ರ ಆಸುಪಾಸು.

ಎಸ್‌ಎಸ್‌ಡಿ ವಿಷಯದಲ್ಲಿ ದುಡ್ಡು ಹೋಯಿತು. ಮೊದಲು ಸಾವಿರ ರೂಪಾಯಿಯ, ಯಾರೂ ಹೆಸರು ಕೇಳದ ಬ್ರ್ಯಾಂಡಿನ 240 ಜಿಬಿ ಹಾಕಿದೆ. ಒಂದಷ್ಟು ತಿಂಗಳು ಚೆನ್ನಾಗಿಯೇ ಇತ್ತು. ಆಮೇಲೆ ಒಂದು ಬೆಳಿಗ್ಗೆ ಬಯೋಸ್‌ನಲ್ಲೇ (ವಿಂಡೋಸ್‌ಗೂ ಮುಂಚೆ ಬರುವ ಸೆಟ್ಟಿಂಗ್ ಪರದೆ) ಕಾಣಿಸಲಿಲ್ಲ. ಹಾರ್ಡ್ ಡಿಸ್ಕ್ ಸಾಯುವ ಮುಂಚೆ ಎಷ್ಟೋ ಸಲ ಕಟಕಟ ಅನ್ನುತ್ತದೆ, ಇದು ಸುಮ್ನೆ ಹೋಯಿತು. ಬ್ಯಾಕಪ್ ಇತ್ತು, ಬಚಾವ್. ಆಮೇಲೆ ಮೂರು ಸಾವಿರದ ಮೇಲೆ ಚಿಲ್ಲರೆ ಕೊಟ್ಟು ಒಳ್ಳೆಯ 500 ಜಿಬಿ ತಂದೆ. ಇದಕ್ಕಿಂತ ದುಬಾರಿಯದು ಬೇಕಿಲ್ಲ. ಇದರಲ್ಲಿ ಡ್ರೈವ್ ಕೂರುವ ಕನೆಕ್ಷನ್ ಸಾಟಾ 3, ಅದು ಸೆಕೆಂಡಿಗೆ 550 ಎಂಬಿ ಹತ್ತಿರಕ್ಕೆ ನಿಂತೇ ನಿಲ್ಲುತ್ತದೆ. ಬಯೋಸ್‌ನಲ್ಲಿ ಡ್ರೈವ್‌ನ ಸೆಟ್ಟಿಂಗ್ ಹಳೆಯ ಐಡಿಇ ಮೋಡ್‌ನಲ್ಲಿದ್ದರೆ ಎಎಚ್‌ಸಿಐಗೆ ಬದಲಾಯಿಸಿ, ಆಮೇಲೇ ವಿಂಡೋಸೋ ಲಿನಕ್ಸೋ ಇನ್‌ಸ್ಟಾಲ್ ಮಾಡಿ. ಮೊದಲು ಆನ್ ಮಾಡಿ ಟೀ ಕುಡಿದು ಬರುವಷ್ಟು ಹೊತ್ತು ಬೇಕಿತ್ತು. ಈಗ ಇಪ್ಪತ್ತು ಸೆಕೆಂಡು, ಹೆಚ್ಚೆಂದರೆ ಇಪ್ಪತ್ತೈದು.

ರ‍್ಯಾಮ್ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ತಂದೆ. 8 ಜಿಬಿಯ ಎರಡು ಡಿಡಿಆರ್3 ಕಡ್ಡಿ, ಎರಡೂ ಸೇರಿ ಎರಡು ಸಾವಿರದ ಆಸುಪಾಸು. ಯಾವ ಅಂಗಡಿ ಅಂತ ಹೇಳೋಲ್ಲ, ಹೇಳಿದರೆ ಅಲ್ಲೂ ರೇಟ್ ಏರುತ್ತೆ. ಅದಕ್ಕೂ ಮುಂಚೆ ಇನ್ನೊಂದು ಕಡೆ ತಂದ ಕಡ್ಡಿ ಮೇಲ್ನೋಟಕ್ಕೆ ಸರಿ ಇತ್ತು, ವಿಂಡೋಸ್ ಕೂಡ ಬೂಟ್ ಆಗುತ್ತಿತ್ತು. ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಲು ಬಿಟ್ಟು ಮಲಗಿದೆ, ಬೆಳಿಗ್ಗೆ ಸ್ಕ್ರೀನ್ ತುಂಬಾ ಕೆಂಪು ಎರರ್‌ಗಳು. ವಾಪಸ್ ಕೊಡಲು ಹೋದರೆ ಜಗಳ. ಮೆಮ್‌ಟೆಸ್ಟ್‌ನ ಫೋಟೋ ತೋರಿಸಿದ ಮೇಲೆ ಮಾತು ತಣ್ಣಗಾಯಿತು.

16 ಜಿಬಿ ಯಾಕೆ ಅಂದರೆ, ಅಸಲಿ ಆಟ ಇಲ್ಲಿದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಂತಿತು. ವಿಂಡೋಸ್ 11 ಇಂಟೆಲ್‌ನಲ್ಲಿ ಬೆರಳೆಣಿಕೆಯವನ್ನು ಬಿಟ್ಟರೆ ಎಂಟನೇ ಜನರೇಷನ್‌ಗಿಂತ ಹಳೆಯದನ್ನು ಒಪ್ಪಲ್ಲ, ನನ್ನದು ಮೂರನೆಯದು. ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡುವ ರೂಫಸ್ ಎಂಬ ಸಾಫ್ಟ್‌ವೇರಿನಲ್ಲಿ ಆ ತಡೆ ದಾಟಿಸಿಯೂ ನೋಡಿದೆ, ಓಡಿತು. ಆದರೆ ಪ್ರತಿ ದೊಡ್ಡ ಅಪ್‌ಡೇಟ್‌ಗೂ ಎದೆ ಹಿಡಿದುಕೊಂಡು ಕೂರೋದು ಯಾರಿಗೆ ಬೇಕು? ಈಗ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ 22 ಇದೆ. ಕನ್ನಡ ಟೈಪಿಂಗ್‌ಗೆ ಕಗಪ ಕೀಬೋರ್ಡ್ ಲೇಔಟ್ ಅದರಲ್ಲೇ ಸಿಗುತ್ತದೆ. ಒಳಗೆ ವರ್ಚುವಲ್‌ಬಾಕ್ಸ್, ಅಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್, ಅದರಲ್ಲಿ 4 ಜಿಬಿ ಕೊಟ್ಟ ವಿಂಡೋಸ್ 7, ಅದಕ್ಕೆ ನೆಟ್ ಇಲ್ಲ. ಎರಡೂ ಒಟ್ಟಿಗೆ ಓಡಬೇಕಲ್ಲ, ಅದಕ್ಕೇ 16 ಜಿಬಿ. ಪೇಜ್‌ಮೇಕರ್, ನುಡಿ ಎಲ್ಲ ಅಲ್ಲೇ. ಬಯೋಸ್‌ನಲ್ಲಿ ವರ್ಚುವಲೈಸೇಷನ್ ಆನ್ ಮಾಡದಿದ್ದರೆ ಒಳಗಿನ ವಿಂಡೋಸ್ ಶುರುವೇ ಆಗಲ್ಲ, ನೆನಪಿರಲಿ. ಒಳಗಿನಿಂದ ಪಿಡಿಎಫ್ ತೆಗೆಯುವಾಗ ಒತ್ತಕ್ಷರ ಜರುಗದ ಹಾಗೆ ಒಂದು ಸೆಟ್ಟಿಂಗ್ ಇಟ್ಟುಕೊಂಡಿದ್ದೇನೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯೋಲ್ಲ.

ಮಧ್ಯೆ ಒಂದೆರಡು ಚಟದ ಪ್ರಯೋಗವೂ ಆಯಿತು. ಡಿವಿಡಿ ಡ್ರೈವ್ ತೆಗೆದು ಆ ಜಾಗಕ್ಕೆ ಕ್ಯಾಡಿ ಎಂಬ ಚೌಕಟ್ಟಿನಲ್ಲಿ ಹಳೆ ಹಾರ್ಡ್ ಡಿಸ್ಕ್ ಕೂರಿಸಿದೆ. ನಾನೂರು ರೂಪಾಯಿ. ಕ್ಯಾಡಿ 9.5 ಎಂಎಂ, 12.7 ಎಂಎಂ ಎರಡು ದಪ್ಪದಲ್ಲಿ ಬರುತ್ತದೆ, ಅಳೆದು ತನ್ನಿ. ಫುಲ್ ಎಚ್‌ಡಿ ಸ್ಕ್ರೀನ್ ಹಾಕುವ ಆಸೆಯೂ ಇತ್ತು. ಸ್ಕ್ರೀನಿಗೆ ಹೋಗುವ ಒಳಗಿನ ಕೇಬಲ್ 40 ಪಿನ್‌ನ ಎಲ್‌ವಿಡಿಎಸ್ ಎಂಬ ಹಳೆ ಬಗೆಯದು, ಈಗಿನ ಪ್ಯಾನೆಲ್‌ಗಳು ಹೆಚ್ಚಾಗಿ 30 ಪಿನ್‌ನ ಇಡಿಪಿ ಎಂಬ ಹೊಸ ಬಗೆಯವು, ಒಂದಕ್ಕೊಂದು ಕೂರಲ್ಲ. ಕನ್ವರ್ಟರ್ ಬೋರ್ಡ್ ಹಾಕಿ ಮಾಡುವವರಿದ್ದಾರೆ. ಅಷ್ಟು ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಮಾನಿಟರೇ ಬರುತ್ತೆ ಅಂತ ಬಿಟ್ಟೆ.

ಬ್ಯಾಟರಿ ಮಾತ್ರ ಇನ್ನೂ ತಲೆನೋವು. ಡೂಪ್ಲಿಕೇಟ್ ಹಾಕಿದರೆ ಬಯೋಸ್ ಗುರುತಿಸದೆ ಚಾರ್ಜ್ ಮಾಡಲ್ಲ ಅಂತು. ವಾಪಸ್ ಕೊಟ್ಟೆ. ಹಳೆಯದು ಇಪ್ಪತ್ತು ನಿಮಿಷ ನಿಲ್ಲುತ್ತದೆ, ಕರೆಂಟ್ ಹೋದಾಗ ಸೇವ್ ಮಾಡಿ ಮುಚ್ಚಲು ಸಾಕು.

ಸತ್ತ ಎಸ್‌ಎಸ್‌ಡಿಯೂ ಸೇರಿ ಒಟ್ಟು ಏಳು ಸಾವಿರದ ಹತ್ತಿರ. ಭಾವ ಈಗ ತಮ್ಮ ಲ್ಯಾಪ್‌ಟಾಪ್ ತಂದಿಟ್ಟಿದ್ದಾರೆ, ಐದು ವರ್ಷದ ತೆಳ್ಳನೆಯದು. ಬಿಚ್ಚಿ ನೋಡಿದರೆ ರ‍್ಯಾಮ್ ಬೋರ್ಡಿಗೇ ಬೆಸುಗೆ, ಬೇರೆ ಸ್ಲಾಟೇ ಇಲ್ಲ. ಅದಕ್ಕೆ ಎಸ್‌ಎಸ್‌ಡಿ ದೊಡ್ಡದು ಮಾಡಿ ಪೇಸ್ಟ್ ಬದಲಾಯಿಸಿ ಕೊಡ್ತೀನಿ, ಅದಕ್ಕಿಂತ ಜಾಸ್ತಿ ಏನೂ ಆಗಲ್ಲ ಅಂತ ಹೇಳಿದ್ದೇನೆ.