ಒಳಾಂಗಣದಲ್ಲಿ ಹಾರಿಸಲು ಹಗುರ ಫೋಮ್ ವಿಮಾನ: 115 ಗ್ರಾಂನಲ್ಲಿ ಕಟ್ಟುವ ಬಗೆ

ರಿಮೋಟಿನಿಂದ ಹಾರಿಸುವ ಒಳಾಂಗಣ ವಿಮಾನ ಕಟ್ಟಲು ಹೊರಟವರು ಮೊದಲು ಕೊಳ್ಳಬೇಕಾದದ್ದು ಮೋಟಾರನ್ನಲ್ಲ, 0.1 ಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿಯನ್ನು. ಬಯಲಲ್ಲಿ ಹಾರುವ ವಿಮಾನಕ್ಕೆ ಇಪ್ಪತ್ತು ಗ್ರಾಂ ಹೆಚ್ಚಾದರೆ ಯಾರಿಗೂ ಗೊತ್ತಾಗುವುದಿಲ್ಲ. ನಾಲ್ಕು ಗೋಡೆಗಳ ನಡುವೆ ಅದೇ ಇಪ್ಪತ್ತು ಗ್ರಾಂ ತಿರುವಿನಲ್ಲಿ ಗೋಡೆಯನ್ನು ಹತ್ತಿರ ತರುತ್ತದೆ.

ಲೆಕ್ಕ ಸರಳ. ರೆಕ್ಕೆಯ ವಿಸ್ತೀರ್ಣ ಬದಲಾಗದಿದ್ದರೆ, ತಿರುವಿನ ತ್ರಿಜ್ಯ ತೂಕ ಏರಿದಷ್ಟೇ ಏರುತ್ತದೆ. ಇಲ್ಲಿ ವಿವರಿಸುವ ವಿಮಾನದ ರೆಕ್ಕೆ 78 ಸೆಂ.ಮೀ. ಉದ್ದ, 22 ಸೆಂ.ಮೀ. ಅಗಲ, ಅಂದರೆ ಸುಮಾರು 17 ಚದರ ಡೆಸಿಮೀಟರ್. ಒಟ್ಟು ತೂಕ 115 ಗ್ರಾಂ ಇದ್ದರೆ ಪ್ರತಿ ಚದರ ಡೆಸಿಮೀಟರ್ ಹೊರುವ ಭಾರ 6.7 ಗ್ರಾಂ. ಆಗ ವಿಮಾನ ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಲ್ಲೂ ಬೀಳದೆ ನಿಲ್ಲುತ್ತದೆ. 45 ಡಿಗ್ರಿ ವಾಲಿಸಿ ತಿರುಗಿಸಿದರೆ ಅತಿ ಚಿಕ್ಕ ಸುತ್ತಿನ ವ್ಯಾಸ ಸುಮಾರು 4.5 ಮೀಟರ್. ಅದೇ ವಿಮಾನ 200 ಗ್ರಾಂ ಆದರೆ ಕನಿಷ್ಠ ವೇಗ 5.2 ಮೀಟರಿಗೂ ಸುತ್ತಿನ ವ್ಯಾಸ 7.8 ಮೀಟರಿಗೂ ಏರುತ್ತದೆ. ಬ್ಯಾಡ್ಮಿಂಟನ್ ಅಂಕಣದ ಅಗಲ 6.1 ಮೀಟರ್. ಮೊದಲನೆಯದು ಅದರೊಳಗೆ ತಿರುಗುತ್ತದೆ, ಎರಡನೆಯದಕ್ಕೆ ಆಗದು.

ತೂಕದ ಪಟ್ಟಿ

ಕಟ್ಟುವ ಮುಂಚೆಯೇ ಪ್ರತಿ ಭಾಗಕ್ಕೂ ಮಿತಿ ಬರೆದಿಟ್ಟುಕೊಳ್ಳಿ. ಪ್ರತಿಯೊಂದನ್ನೂ ತೂಗಿ ಪಕ್ಕದಲ್ಲಿ ನಿಜವಾದ ತೂಕ ನಮೂದಿಸಿ.

- 3 ಮಿ.ಮೀ. ಫೋಮ್, ಕತ್ತರಿಸಿದ ಮೇಲೆ: 38 ಗ್ರಾಂ
- ಕಾರ್ಬನ್ ಕಡ್ಡಿ, ಪಟ್ಟಿಗಳು: 9 ಗ್ರಾಂ
- ಅಂಟು ಮತ್ತು ಹಿಂಜ್ ಟೇಪ್: 5 ಗ್ರಾಂ
- ಬ್ರಷ್‌ಲೆಸ್ ಮೋಟಾರ್: 12 ಗ್ರಾಂ
- 8 ಇಂಚಿನ ಪ್ರೊಪೆಲ್ಲರ್, ಅದರ ಹಿಡಿಕೆ ಸೇರಿ: 5 ಗ್ರಾಂ
- 6 ಆಂಪಿಯರ್ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಕ): 6 ಗ್ರಾಂ
- ಮೂರು ಸರ್ವೋ (ರೆಕ್ಕೆ, ಬಾಲದ ಚಲಿಸುವ ಭಾಗಗಳನ್ನು ತಿರುಗಿಸುವ ಪುಟ್ಟ ಮೋಟಾರ್): 13.5 ಗ್ರಾಂ
- ರಿಸೀವರ್: 3 ಗ್ರಾಂ
- ಎರಡು ಸೆಲ್‌ನ ಲಿಪೋ ಬ್ಯಾಟರಿ, 250ರಿಂದ 300 ಎಂಎಎಚ್: 18 ಗ್ರಾಂ
- ಪುಶ್‌ರಾಡ್ (ಸರ್ವೋದಿಂದ ಚಲಿಸುವ ಭಾಗಕ್ಕೆ ಹೋಗುವ ಕಡ್ಡಿ), ಹಾರ್ನ್ (ಆ ಕಡ್ಡಿ ಸಿಕ್ಕಿಸುವ ಕೊಂಬು): 3 ಗ್ರಾಂ
- ಚಕ್ರ, ಕಾಲು: 3 ಗ್ರಾಂ

ಈ ಪಟ್ಟಿಯಲ್ಲಿ ಕೈಜಾರುವುದು ಅಂಟಿನ ಸಾಲಿನಲ್ಲಿ. ಫೋಮ್ ಎಷ್ಟು ತೂಗುತ್ತದೆಂದು ಹಾಳೆ ಕೊಂಡಾಗಲೇ ಗೊತ್ತಾಗುತ್ತದೆ. ಅಂಟು ಮಾತ್ರ ಪ್ರತಿ ಕೀಲಿನಲ್ಲೂ ಒಂದೊಂದು ಹನಿ ಹೆಚ್ಚಾಗಿ ಕೊನೆಗೆ 15 ಗ್ರಾಂ ಮುಟ್ಟುತ್ತದೆ.

ಯಾವ ಫೋಮ್?

ಡೆಪ್ರಾನ್ ಎಂದು ಕರೆಯುವ 3 ಮಿ.ಮೀ. ಎಕ್ಸ್‌ಪಿಎಸ್ ಹಾಳೆ ಚದರ ಮೀಟರಿಗೆ 100ರಿಂದ 120 ಗ್ರಾಂ ತೂಗುತ್ತದೆ. ಗಡುಸಾಗಿದೆ, ಅಂಚು ನಯವಾಗಿ ಕತ್ತರಿಸಿಕೊಳ್ಳುತ್ತದೆ, ಆದರೆ ಗೋಡೆಗೆ ಬಡಿದರೆ ಮುರಿಯುತ್ತದೆ. ಇಪಿಪಿ ಫೋಮ್ ಬಡಿದರೂ ಬಾಗಿ ಮೊದಲಿನಂತಾಗುತ್ತದೆ. ಹಗುರವೂ ಹೌದು, 3 ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ ಸುಮಾರು 60 ಗ್ರಾಂ. ಆದರೆ ಅದು ಮೆತ್ತಗಿರುವುದರಿಂದ ಉಳಿಸಿದ ತೂಕದ ಒಂದು ಪಾಲು ಕಾರ್ಬನ್‌ಗೆ ಹೋಗುತ್ತದೆ, ನೆಟ್ಟಗೆ ಕಟ್ಟುವುದೂ ಕಷ್ಟ. ಮೊದಲ ವಿಮಾನಕ್ಕೆ ಡೆಪ್ರಾನ್ ಆರಿಸಿಕೊಳ್ಳಿ. ಥರ್ಮೋಕೋಲನ್ನು ತೆಳುವಾಗಿ ಕತ್ತರಿಸಿದರೆ ಮಣಿ ಮಣಿಯಾಗಿ ಉದುರುತ್ತದೆ, ಈ ಕೆಲಸಕ್ಕೆ ಬೇಡ.

ಗಟ್ಟಿ ಬರಲೆಂದು 6 ಮಿ.ಮೀ. ಹಾಳೆಗೆ ಹೋಗಬೇಡಿ. ಈ ವಿಮಾನಕ್ಕೆ ಬೇಕಾದ ಫೋಮ್ ಒಟ್ಟು 35 ಚದರ ಡೆಸಿಮೀಟರ್. ದಪ್ಪ ಇಮ್ಮಡಿಯಾದರೆ ತೂಕಕ್ಕೆ ಮತ್ತೆ 38 ಗ್ರಾಂ ಸೇರುತ್ತದೆ. 1 ಮಿ.ಮೀ. ಕಾರ್ಬನ್ ಕಡ್ಡಿ ಮೀಟರಿಗೆ ಬರೀ 1.2 ಗ್ರಾಂ ಚಿಲ್ಲರೆ. ಅಂಥ ಮೂರು ಮೀಟರ್ ಕಡ್ಡಿಯನ್ನು ತ್ರಿಕೋನಗಳಾಗಿ ಕಟ್ಟಿದರೆ ಬರುವ ಬಿಗಿ ಯಾವ ದಪ್ಪ ಫೋಮಿನಿಂದಲೂ ಬರುವುದಿಲ್ಲ. ಅಂತರರಾಷ್ಟ್ರೀಯ ವಾಯುಕ್ರೀಡಾ ಸಂಸ್ಥೆ ಎಫ್‌ಎಐಯ ಎಫ್‌3ಪಿ ಎಂಬ ಒಳಾಂಗಣ ಏರೋಬ್ಯಾಟಿಕ್ ವರ್ಗದ ವಿಮಾನಗಳು ನಿಂತಿರುವುದೂ ಈ ಉಪಾಯದ ಮೇಲೆಯೇ.

ರೆಕ್ಕೆಗೆ ಉಬ್ಬಿದ ಆಕಾರ ಬೇಡವೇ ಎಂಬ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಸೆಕೆಂಡಿಗೆ ನಾಲ್ಕೈದು ಮೀಟರ್ ವೇಗದಲ್ಲಿ ಇಷ್ಟು ಚಿಕ್ಕ ರೆಕ್ಕೆಗೆ ತೆಳು ಚಪ್ಪಟೆ ಹಾಳೆಯೇ ಸಾಕಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ದಪ್ಪ ರೆಕ್ಕೆ ಕಟ್ಟಿದರೆ ತೂಕ ಕೂಡುತ್ತದೆ, ಅದಕ್ಕೆ ತಕ್ಕ ಲಾಭ ಸಿಗುವುದಿಲ್ಲ.

ಕತ್ತರಿಸುವುದು

ಹಾಳೆಯನ್ನು ಎರಡೂ ದಿಕ್ಕಿಗೆ ಮೆಲ್ಲಗೆ ಬಾಗಿಸಿ ನೋಡಿ. ಒಂದು ದಿಕ್ಕಿನಲ್ಲಿ ಹೆಚ್ಚು ಗಡುಸಾಗಿರುತ್ತದೆ. ಆ ದಿಕ್ಕು ರೆಕ್ಕೆಯ ಉದ್ದಕ್ಕೆ ಬರುವಂತೆ ಗುರುತು ಹಾಕಿ. ಇದನ್ನು ನೋಡದೆ ಕತ್ತರಿಸಿದರೆ ರೆಕ್ಕೆಯ ತುದಿಗಳು ಹಾರುವಾಗ ಬಳುಕುತ್ತವೆ.

ಬ್ಲೇಡ್ ಹೊಸದಿರಲಿ. ಉಕ್ಕಿನ ಅಳತೆಪಟ್ಟಿ ಇಟ್ಟು, ಬ್ಲೇಡನ್ನು ಹಾಳೆಗೆ 30 ಡಿಗ್ರಿಯಷ್ಟು ಮಲಗಿಸಿ, ಒಂದೇ ಸಲ ಒತ್ತದೆ ಎರಡು ಸಲ ಎಳೆಯಿರಿ. ಫೋಮ್ ಕಿತ್ತುಬಂದರೆ ಬ್ಲೇಡ್ ಮೊಂಡಾಗಿದೆ ಎಂದರ್ಥ. ತುದಿ ಮುರಿದು ಹೊಸ ಅಲಗು ತನ್ನಿ.

ಅಳತೆಗಳು ಹೀಗಿವೆ. ವಿಮಾನದ ಉದ್ದ 80 ಸೆಂ.ಮೀ. ಮೂಗಿನಿಂದ 18 ಸೆಂ.ಮೀ. ಹಿಂದೆ ರೆಕ್ಕೆಯ ಮುಂದಂಚು, 66 ಸೆಂ.ಮೀ. ಹಿಂದೆ ಅಡ್ಡಬಾಲದ ಮುಂದಂಚು. ಅಡ್ಡಬಾಲ 36 ಸೆಂ.ಮೀ. ಉದ್ದ, 14 ಸೆಂ.ಮೀ. ಅಗಲ, ಅದರ ಹಿಂದಿನ ಅರ್ಧ ಎಲಿವೇಟರ್, ಅಂದರೆ ಮೂಗನ್ನು ಮೇಲೆ ಕೆಳಗೆ ಮಾಡುವ ಭಾಗ. ರೆಕ್ಕೆಯ ಹಿಂದಂಚಿನಲ್ಲಿ ವಿಮಾನವನ್ನು ವಾಲಿಸುವ ಐಲರಾನ್‌ಗಳ ಅಗಲ 6 ಸೆಂ.ಮೀ. ಒಡಲಿನ ಮಲಗಿದ ತುಂಡು 6 ಸೆಂ.ಮೀ. ಅಗಲ, ನಿಂತ ತುಂಡು ಮೇಲೊಂದು ಕೆಳಗೊಂದು, ಎರಡೂ ಸೇರಿ ಸರಾಸರಿ 13 ಸೆಂ.ಮೀ. ಎತ್ತರ, ಬಾಲದ ಕಡೆ ಎತ್ತರ ಹೆಚ್ಚಿಸಿ ಅದರಲ್ಲೇ ಮೂಗನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಬಿಡಿಸಿಕೊಳ್ಳಿ. ಎಲಿವೇಟರ್ ನಡುವೆ ವಿ ಆಕಾರದ ಕಡಿತ ಬಿಡಿ, ರಡ್ಡರ್ ಎರಡೂ ಬದಿಗೆ ಸಲೀಸಾಗಿ ತಿರುಗಬೇಕು. ಎಲ್ಲ ತುಂಡುಗಳ ಮಾದರಿಯನ್ನು ದಪ್ಪ ರಟ್ಟಿನಲ್ಲೂ ಕತ್ತರಿಸಿಟ್ಟುಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದೆ.

ಹಿಂಜ್‌ಗೆ ಚಲಿಸುವ ಭಾಗದ ಅಂಚನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ, ಅರ್ಧ ಮಿ.ಮೀ. ಸಂದು ಬಿಟ್ಟು ಬ್ಲೆಂಡರ್ಮ್‌ನಂಥ ತೆಳು ವೈದ್ಯಕೀಯ ಟೇಪ್ ಅಂಟಿಸಿ. ಸಂದು ಬಿಡದೆ ಅಂಟಿಸಿದರೆ ಹಿಂಜ್ ಬಿಗಿಯಾಗಿ, ಸರ್ವೋ ನಡುವಿಗೆ ವಾಪಸು ಬರುವುದಿಲ್ಲ. ಭಾಗವನ್ನು ಎತ್ತಿ ಬಿಟ್ಟರೆ ತನ್ನ ಭಾರಕ್ಕೇ ಕೆಳಗೆ ಜೋಲಬೇಕು.

ಅಂಟು

ಸಾಮಾನ್ಯ ಸೂಪರ್‌ಗ್ಲೂ ಡೆಪ್ರಾನನ್ನು ಕರಗಿಸಿ ಗುಂಡಿ ಮಾಡುತ್ತದೆ. ಫೋಮ್‌ಗೆಂದೇ ಬರುವ ವಾಸನೆಯಿಲ್ಲದ ಸಿಎ (ಸೂಪರ್‌ಗ್ಲೂ ಬಗೆಯದೇ ಅಂಟು) ಬೇಕು, ಜೊತೆಗೆ ಅದನ್ನು ಬೇಗ ಗಟ್ಟಿಮಾಡುವ ಆಕ್ಸಿಲರೇಟರ್ ಸ್ಪ್ರೇ. ಆ ಸ್ಪ್ರೇ ಕೂಡ ಕೆಲವು ಫೋಮ್ ತಿನ್ನುತ್ತದೆ, ಆದ್ದರಿಂದ ಮೊದಲು ಚೂರೊಂದರ ಮೇಲೆ ಹಾಕಿ ನೋಡಿ. ಉದ್ದನೆಯ ಕೀಲುಗಳಿಗೆ ಯುಎಚ್‌ಯು ಪೋರ್ ಎಂಬ ಫೋಮ್ ಅಂಟು ಚೆನ್ನ: ಎರಡೂ ಬದಿಗೆ ತೆಳುವಾಗಿ ಸವರಿ, ಹತ್ತು ನಿಮಿಷ ಆರಲು ಬಿಟ್ಟು ಒತ್ತಿದರೆ ತಕ್ಷಣ ಹಿಡಿಯುತ್ತದೆ. ಹಿಡಿದ ಮೇಲೆ ಸರಿಸಲು ಆಗದು, ಹಾಗಾಗಿ ಜಾಗ ಮೊದಲೇ ಗುರುತು ಮಾಡಿರಬೇಕು. ಐದು ನಿಮಿಷದ ಎಪಾಕ್ಸಿ ಮೋಟಾರ್ ಕೂರುವ ಜಾಗಕ್ಕೆ ಮಾತ್ರ. ಹಾಟ್ ಗ್ಲೂ ಭಾರವೂ ಹೌದು, ಬಿಸಿಗೆ ಫೋಮ್ ಕರಗುವುದೂ ಹೌದು.

ಬಾಲದ ಕಡೆ ಹಾಕುವ ಅಂಟಿನ ಬಗ್ಗೆ ವಿಶೇಷ ಜಿಪುಣತನ ಬೇಕು. ಅಡ್ಡಬಾಲದ ನಡು ತೂಕದ ಕೇಂದ್ರದಿಂದ ಸುಮಾರು 50 ಸೆಂ.ಮೀ. ಹಿಂದಿದೆ, ಬ್ಯಾಟರಿ 14 ಸೆಂ.ಮೀ. ಮುಂದಿದೆ. ಅಲ್ಲಿ ಒಂದು ಗ್ರಾಂ ಹೆಚ್ಚಾದರೆ ಇಲ್ಲಿ ಮೂರೂವರೆ ಗ್ರಾಂ ಸೇರಿಸಬೇಕಾಗುತ್ತದೆ.

ಜೋಡಣೆ

ವಿಮಾನ ನೆಟ್ಟಗೆ ಹಾರುತ್ತದೋ ಇಲ್ಲವೋ ಎಂಬುದು ಈ ಹಂತದಲ್ಲೇ ತೀರ್ಮಾನವಾಗುತ್ತದೆ, ಅವಸರ ಬೇಡ.

ಮೊದಲು 3 × 0.5 ಮಿ.ಮೀ. ಕಾರ್ಬನ್ ಪಟ್ಟಿಯನ್ನು ರೆಕ್ಕೆಗೆ ಕೂರಿಸಿ. ಮುಂದಂಚಿನಿಂದ 7 ಸೆಂ.ಮೀ. ಹಿಂದೆ ರೆಕ್ಕೆಯ ಪೂರ್ತಿ ಉದ್ದಕ್ಕೆ ಬ್ಲೇಡಿನಿಂದ ಸೀಳು ಹಾಕಿ, ಪಟ್ಟಿಯನ್ನು ಅದರೊಳಗೆ ನಿಲ್ಲಿಸಿ ತೂರಿಸಿ. ಪಟ್ಟಿಯ 3 ಮಿ.ಮೀ. ಅಗಲ ಫೋಮಿನ ದಪ್ಪಕ್ಕೆ ಸರಿಹೊಂದುತ್ತದೆ. ಮಲಗಿಸಿ ಅಂಟಿಸಿದರೆ ಮೇಲೆ ಕೆಳಗೆ ಬಾಗುವುದನ್ನು ಅದು ತಡೆಯುವುದಿಲ್ಲ. ಅಡ್ಡಬಾಲಕ್ಕೂ ಹೀಗೇ.

ಗಾಜು ಅಥವಾ ನೆಟ್ಟಗಿರುವ ಹಲಗೆಯ ಮೇಲೆ ಒಡಲಿನ ಮಲಗಿದ ತುಂಡು, ರೆಕ್ಕೆ, ಅಡ್ಡಬಾಲ ಮೂರನ್ನೂ ಒಂದೇ ಸಮತಲದಲ್ಲಿ ಜೋಡಿಸಿ ಅಂಟಿಸಿ. ಒಡಲ ನಡುಗೆರೆಯ ಬಾಲದ ತುದಿಯಿಂದ ರೆಕ್ಕೆಯ ಎರಡೂ ತುದಿಗಳಿಗೆ ದಾರ ಹಿಡಿದು ಅಳೆಯಿರಿ. ವ್ಯತ್ಯಾಸ 1 ಮಿ.ಮೀ. ಮೀರಬಾರದು. ಭಾರ ಹೇರಿ ಹಲಗೆಯ ಮೇಲೆಯೇ ಇರಲು ಬಿಟ್ಟು, ಮೇಲಿನ ನಿಂತ ತುಂಡನ್ನು ಅಂಟಿಸಿ, ಎರಡೂ ಬದಿಗೆ ಮೂಲೆಮಟ್ಟ ಇಟ್ಟು 90 ಡಿಗ್ರಿ ನೋಡಿ. ಒಣಗಿದ ಮೇಲಷ್ಟೇ ತಿರುವಿಹಾಕಿ ಕೆಳಗಿನ ತುಂಡನ್ನು ಅಂಟಿಸಿ.

ಈಗ ಕಡ್ಡಿಗಳು. ರೆಕ್ಕೆಯಲ್ಲಿ ನಡುವಿನಿಂದ 25 ಸೆಂ.ಮೀ. ಆಚೆ, ಪಟ್ಟಿಯ ಪಕ್ಕದಲ್ಲೇ ಸೂಜಿಯಿಂದ ತೂತು ಮಾಡಿ, 1 ಮಿ.ಮೀ. ಕಡ್ಡಿಯ ಒಂದು ತುದಿ ಅಲ್ಲಿಗೆ, ಇನ್ನೊಂದು ತುದಿ ಒಡಲಿನ ಕೆಳಂಚಿಗೆ. ಅದೇ ತೂತಿನಿಂದ ಇನ್ನೊಂದು ಕಡ್ಡಿ ಒಡಲಿನ ಕೆಳಂಚಿನಲ್ಲೇ 12 ಸೆಂ.ಮೀ. ಹಿಂದಕ್ಕೆ. ಮೊದಲನೆಯದು ರೆಕ್ಕೆ ಮಡಚುವುದನ್ನೂ ಎರಡನೆಯದು ಹಿಂದುಮುಂದಾಗುವುದನ್ನೂ ತಡೆಯುತ್ತವೆ. ಉದ್ದನೆಯ ಕಡ್ಡಿ ನಡುವೆ ಬಿಲ್ಲಿನಂತೆ ಬಾಗುತ್ತಿದ್ದರೆ ಅಲ್ಲಿಂದ ರೆಕ್ಕೆಗೆ ಒಂದು ಗಿಡ್ಡ ತುಂಡು ಆಸರೆ ಕೊಡಿ. ರೆಕ್ಕೆಯ ಹಿಂದಿನ ಒಡಲಿಗೆ ಮಲಗಿದ ತುಂಡಿನ ಅಂಚಿನಿಂದ ನಿಂತ ತುಂಡಿನ ಅಂಚಿಗೆ ಅಂಕುಡೊಂಕಾಗಿ ಗಿಡ್ಡ ಕಡ್ಡಿಗಳನ್ನು ಹಾಕುತ್ತಾ ಬಾಲದವರೆಗೆ ಹೋಗಿ. ಇವಿಲ್ಲದಿದ್ದರೆ ರಡ್ಡರ್ ತಿರುಗಿಸಿದಾಗ ಬಾಲವೇ ತಿರುಚಿಕೊಳ್ಳುತ್ತದೆ.

ಪ್ರತಿ ಕಡ್ಡಿಗೂ ಮೊದಲು ಒಂದು ತುದಿ ಮಾತ್ರ ಅಂಟಿಸಿ. ನಂತರ ವಿಮಾನವನ್ನು ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿ: ರೆಕ್ಕೆ ಮತ್ತು ಅಡ್ಡಬಾಲದ ಗೆರೆಗಳು ಒಂದರ ಮೇಲೊಂದು ಕೂರಬೇಕು. ಕೂತಾಗಲೇ ಇನ್ನೊಂದು ತುದಿಗೆ ಅಂಟು. ಸೊಟ್ಟಗಿರುವಾಗ ಅಂಟಿಸಿದ ಕಡ್ಡಿ ಆ ಸೊಟ್ಟನ್ನೇ ಕಾಯಂ ಮಾಡುತ್ತದೆ.

ವಿದ್ಯುತ್ ಭಾಗಗಳು

ಮೋಟಾರಿನ ನೂಕುಬಲ ವಿಮಾನದ ತೂಕದ 1.3ರಿಂದ 1.5 ಪಟ್ಟಿರಲಿ. ಹಿಂದಿನಿಂದ ನೋಡಿದಾಗ 2 ಡಿಗ್ರಿಯಷ್ಟು ಬಲಕ್ಕೆ ವಾಲಿಸಿ ಕೂರಿಸಿ. ಪ್ರೊಪೆಲ್ಲರನ್ನು ರಬ್ಬರ್ ಬಳೆಯಿಂದ ಹಿಡಿಸುವ ಬಗೆಯದನ್ನೇ ಬಳಸಿ. ಗೋಡೆಗೆ ತಾಗಿದರೆ ಕಳಚುತ್ತದೆ, ಮೋಟಾರಿನ ಅಕ್ಷ ಬಾಗುವುದಿಲ್ಲ. ಐಲರಾನ್‌ಗೆ ರೆಕ್ಕೆಯ ನಡುವೆ ಒಂದೇ ಸರ್ವೋ ಸಾಕು. ಎಲಿವೇಟರ್, ರಡ್ಡರ್ ಸರ್ವೋಗಳನ್ನು ರೆಕ್ಕೆಯ ಪಕ್ಕದಲ್ಲೇ ಇಟ್ಟು, 1 ಮಿ.ಮೀ. ಕಾರ್ಬನ್ ಪುಶ್‌ರಾಡಿನಿಂದ ಬಾಲ ಮುಟ್ಟಿಸಿ. ಪ್ರತಿ 10–12 ಸೆಂ.ಮೀ.ಗೆ ಒಂದು ಗೈಡ್ ಇರಬೇಕು, ಇಲ್ಲವಾದರೆ ಒತ್ತಿದಾಗ ಕಡ್ಡಿ ಬಾಗಿ ಎಲಿವೇಟರ್ ಚಲಿಸುವುದೇ ಇಲ್ಲ. ಅನಗತ್ಯ ತಂತಿ ಕತ್ತರಿಸಿ ಬೆಸೆಯುವುದರಿಂದ ಎರಡು ಮೂರು ಗ್ರಾಂ ಉಳಿಯುತ್ತದೆ.

ಬಣ್ಣ ಬೇಕೆಂದರೆ ಮಾರ್ಕರ್ ಪೆನ್ ಸಾಕು. ರೆಕ್ಕೆಯ ಮೇಲ್ಮೈಗೂ ಕೆಳಮೈಗೂ ಬೇರೆ ಬೇರೆ ಗುರುತು ಇರಲೇಬೇಕು, ಚಪ್ಪಟೆ ವಿಮಾನದಲ್ಲಿ ಮೇಲ್ಯಾವುದು ಕೆಳಗ್ಯಾವುದು ಎಂದು ದೂರದಿಂದ ತಿಳಿಯುವುದಿಲ್ಲ. ಡಬ್ಬಿ ಸ್ಪ್ರೇ ಬಣ್ಣದ ದ್ರಾವಕ ಫೋಮನ್ನು ತಿನ್ನುತ್ತದೆ.

ಮೊದಲ ಹಾರಾಟ ಮತ್ತು ತಪ್ಪು ಹುಡುಕುವುದು

ಬ್ಯಾಟರಿ ಸರಿಸಿ ತೂಕದ ಕೇಂದ್ರ ರೆಕ್ಕೆಯ ಮುಂದಂಚಿನಿಂದ 7 ಸೆಂ.ಮೀ.ಗೆ ಬರುವಂತೆ ಮಾಡಿ. ಎಲಿವೇಟರ್ ಚಲನೆ 20 ಡಿಗ್ರಿ, ಐಲರಾನ್ 25, ರಡ್ಡರ್ 35. ಎಕ್ಸ್‌ಪೋ, ಅಂದರೆ ನಡುವಿನ ಹತ್ತಿರ ಸ್ಟಿಕ್ಕಿನ ಚುರುಕು ತಗ್ಗಿಸುವ ರಿಮೋಟಿನ ಹೊಂದಿಕೆ, 30 ಶೇಕಡಾ. ಸಿಗ್ನಲ್ ಕಡಿದರೆ ಥ್ರಾಟಲ್ (ಮೋಟಾರಿನ ವೇಗ) ಸೊನ್ನೆಗೆ ಬರುವಂತೆ ಫೇಲ್‌ಸೇಫ್ ಹೊಂದಿಸಿ, ಪ್ರೊಪೆಲ್ಲರ್ ಬಿಚ್ಚಿಟ್ಟು ಪರೀಕ್ಷಿಸಿ. ಸಭಾಂಗಣದ ಫ್ಯಾನ್, ಎಸಿ ಆರಿಸಿ. ಇಷ್ಟು ಹಗುರ ವಿಮಾನವನ್ನು ಎಸಿಯ ಗಾಳಿಯೇ ಬದಿಗೆ ತಳ್ಳುತ್ತದೆ.

ವಿಮಾನ ಎಡಕ್ಕೆ ಎಳೆಯುತ್ತಿದ್ದರೆ ರಿಮೋಟಿನಲ್ಲಿ ನಡುಸ್ಥಾನ ತಿದ್ದುವ ಟ್ರಿಮ್‌ಗೆ ಕೈ ಹಾಕುವ ಮುನ್ನ ಒಂದು ಸಂಗತಿ ಗಮನಿಸಿ. ಥ್ರಾಟಲ್ ಏರಿಸಿದಾಗ ಮಾತ್ರ ಎಳೆದರೆ ಮೋಟಾರಿನ ಕೋನ ಸಾಲದು. ಅದರಡಿ ತೆಳು ಬಿಲ್ಲೆ ಇಟ್ಟು ಇನ್ನೊಂದು ಡಿಗ್ರಿ ಬಲಕ್ಕೆ ವಾಲಿಸಿ. ಥ್ರಾಟಲ್ ಇಳಿಸಿ ತೇಲಿಬಿಟ್ಟಾಗಲೂ ಎಳೆದರೆ ರೆಕ್ಕೆ ತಿರುಚಿದೆ. ಕಡ್ಡಿಯ ಒಂದು ತುದಿ ಬಿಡಿಸಿ, ನೆಟ್ಟಗೆ ಮಾಡಿ ಮತ್ತೆ ಅಂಟಿಸಬೇಕು. ಟ್ರಿಮ್‌ನಿಂದ ತಿದ್ದಿದ ತಿರುಚು ಒಂದು ವೇಗದಲ್ಲಿ ಸರಿಯಿದ್ದು ಇನ್ನೊಂದರಲ್ಲಿ ಮತ್ತೆ ಎದ್ದುಬರುತ್ತದೆ.

ಎಲಿವೇಟರ್ ಮುಟ್ಟಿದರೆ ಸಾಕು ಮೂಗು ಜಿಗಿಯುತ್ತಿದ್ದರೆ ತೂಕದ ಕೇಂದ್ರ ಹಿಂದೆ ಹೋಗಿದೆ. ತಲೆಕೆಳಗಾಗಿ ಹಾರಿಸುವಾಗ ರಿಮೋಟಿನ ಎಲಿವೇಟರ್ ಸ್ಟಿಕ್ಕನ್ನು ಬಹಳ ಮುಂದೆ ತಳ್ಳಬೇಕಾದರೆ ಮೂಗು ಭಾರ; ಬ್ಯಾಟರಿಯನ್ನು 5 ಮಿ.ಮೀ.ನಂತೆ ಹಿಂದೆ ಸರಿಸಿ, ತೂಕದ ಕೇಂದ್ರ ಮಾತ್ರ ರೆಕ್ಕೆಯ ಮುಂದಂಚಿನಿಂದ 8.5 ಸೆಂ.ಮೀ.ಗಿಂತ ಹಿಂದೆ ಬೇಡ. ವೇಗದಲ್ಲಿ ಬಾಲ ಗಡಗಡ ನಡುಗಿದರೆ ಕೂಡಲೇ ಥ್ರಾಟಲ್ ಇಳಿಸಿ ಇಳಿಯಿರಿ. ಪುಶ್‌ರಾಡಿನ ತೂತು ಸಡಿಲವಾಗಿರುತ್ತದೆ, ಇಲ್ಲವೇ ಯಾವುದೋ ಕಡ್ಡಿ ಬಿಟ್ಟಿರುತ್ತದೆ.

ಸರಾಸರಿ 2 ಆಂಪಿಯರ್ ಎಳೆದರೆ 300 ಎಂಎಎಚ್ ಬ್ಯಾಟರಿ ಏಳು ನಿಮಿಷ ಬರುತ್ತದೆ. ಟೈಮರನ್ನು ಆರಕ್ಕೆ ಇಡಿ, ಸೆಲ್ 3.5 ವೋಲ್ಟಿಗಿಂತ ಕೆಳಗಿಳಿಯದಿರಲಿ. 0.3 ಆಂಪಿಯರ್‌ನಲ್ಲಿ, ಕಣ್ಣೆದುರೇ ಚಾರ್ಜ್ ಮಾಡಿ. ವಾರಗಟ್ಟಲೆ ಇಡುವುದಾದರೆ ಸೆಲ್‌ಗೆ 3.8 ವೋಲ್ಟ್ ಇರಿಸಿ.

ಮುರಿದ ಡೆಪ್ರಾನ್ ಸಾಮಾನ್ಯವಾಗಿ ನೇರ ಗೆರೆಯಲ್ಲಿ ಮುರಿಯುತ್ತದೆ. ಚೂರು ಕಳೆಯದೆ, ಆ ಗೆರೆಯನ್ನೇ ಜೋಡಿಸಿ ಫೋಮ್ ಸಿಎ ಎಳೆದರೆ ಒಂದು ನಿಮಿಷದಲ್ಲಿ ಸರಿಯಾಗುತ್ತದೆ. ದುರಸ್ತಿ ಮಾಡಿದಾಗಲೆಲ್ಲ ವಿಮಾನವನ್ನು ತೂಗಿ. 125 ಗ್ರಾಂ ದಾಟಿತೆಂದರೆ ತೇಪೆ ನಿಲ್ಲಿಸಿ, ರಟ್ಟಿನ ಮಾದರಿ ಇಟ್ಟು ಆ ಭಾಗವನ್ನೇ ಹೊಸದಾಗಿ ಕತ್ತರಿಸಿ. ಹಳೆಯದರ ಕಾರ್ಬನ್ ಪಟ್ಟಿ ಬಿಡಿಸಿಕೊಂಡರೆ ಹೊಸ ರೆಕ್ಕೆಗೂ ಆಗುತ್ತದೆ.