ಹೆಬ್ಬೆರಳ ಬುಡದ ಗಂಟು: ಆಪರೇಷನ್ ಇಲ್ಲದೆ ನೋವು ಇಳಿಸಿಕೊಳ್ಳುವುದು ಹೇಗೆ?

ಕಾಲಿನ ಹೆಬ್ಬೆರಳು ಪಕ್ಕದ ಬೆರಳಿನತ್ತ ವಾಲಿ, ಅದರ ಬುಡದಲ್ಲಿ ಗಂಟು ಎದ್ದು ನಿಲ್ಲುವುದಕ್ಕೆ ಬನಿಯನ್ ಎನ್ನುತ್ತಾರೆ. ಅಲ್ಲಿ ಹೊಸ ಮೂಳೆ ಬೆಳೆದಿದೆ ಎಂದು ಹಲವರು ಹೆದರುತ್ತಾರೆ. ನಿಜವಾಗಿ ಆಗುವುದೇ ಬೇರೆ: ಹೆಬ್ಬೆರಳ ಹಿಂದಿನ ಉದ್ದ ಮೂಳೆ ಇನ್ನೊಂದು ಕಾಲಿನ ಕಡೆಗೆ ಸರಿಯುತ್ತದೆ, ಬೆರಳು ಅದಕ್ಕೆ ಎದುರಾಗಿ ಬಾಗುತ್ತದೆ, ನಡುವಿನ ಕೀಲು ಉಬ್ಬಿ ಕಾಣುತ್ತದೆ. ಇದಕ್ಕೆ ಎಡೆಮಾಡುವ ಪಾದದ ರಚನೆ ಎಷ್ಟೋ ಸಲ ವಂಶದಿಂದಲೇ ಬಂದಿರುತ್ತದೆ. ಬಿಗಿ ಶೂ, ಎತ್ತರದ ಹೀಲ್ಸ್ ಅದನ್ನು ಇನ್ನಷ್ಟು ಕೆಡಿಸುತ್ತವೆ.

ವಾಲಿದ ಬೆರಳನ್ನು ಮತ್ತೆ ನೆಟ್ಟಗೆ ಮಾಡುವ ಮನೆಮದ್ದು ಯಾವುದೂ ಇಲ್ಲ. ಆದರೆ ನೋವಿಲ್ಲದೆ ನಡೆದಾಡುವಂತೆ ಮಾಡಿಕೊಳ್ಳಲು ಖಂಡಿತ ದಾರಿಗಳಿವೆ.

ಮೊದಲು ಶೂ ಪರೀಕ್ಷಿಸಿ

ಉಳಿದೆಲ್ಲ ಉಪಾಯಗಳಿಗಿಂತ ಇದೇ ಮುಖ್ಯ. ಬಿಳಿ ಹಾಳೆಯ ಮೇಲೆ ಬರಿಗಾಲಲ್ಲಿ ನಿಂತು, ಪೂರ್ತಿ ಭಾರ ಹಾಕಿ, ಇನ್ನೊಬ್ಬರಿಂದ ಪಾದದ ಸುತ್ತ ಪೆನ್ಸಿಲ್ ಗೆರೆ ಎಳೆಸಿ. ಆ ಗೆರೆಯ ಮೇಲೆ ನಿಮ್ಮ ಶೂ ಇಡಿ. ಬೆರಳುಗಳ ಬಳಿ ಗೆರೆ ಶೂವಿನ ಹೊರಗೆ ಇಣುಕಿದರೆ, ಅಷ್ಟು ಅಗಲದ ಪಾದವನ್ನು ದಿನವಿಡೀ ಅದರೊಳಗೆ ಹಿಸುಕುತ್ತಿದ್ದೀರಿ ಎಂದೇ ಅರ್ಥ.

ಹೊಸದನ್ನು ಸಂಜೆ ಕೊಳ್ಳಿ, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಎರಡು ಪಾದಗಳಲ್ಲಿ ದೊಡ್ಡದಕ್ಕೆ ಸರಿಯಾದ ಅಳತೆ ತೆಗೆದುಕೊಳ್ಳಿ. ಎದ್ದು ನಿಂತಾಗ ಉದ್ದನೆಯ ಬೆರಳಿನ ಮುಂದೆ ಸುಮಾರು 1 ಸೆಂ.ಮೀ. ಜಾಗ ಉಳಿಯಬೇಕು, ಒಳಗೆ ಬೆರಳುಗಳನ್ನು ಆಡಿಸಲು ಬರಬೇಕು. ಗಂಟಿನ ಮೇಲೆ ಹೊಲಿಗೆ ಹಾದುಹೋಗಬಾರದು. ಹಿಮ್ಮಡಿ ತಗ್ಗಾಗಿರಲಿ, ಅದು ಎತ್ತರವಾದಷ್ಟೂ ಮೈಭಾರ ಮುಂಗಾಲಿಗೆ ಜಾರುತ್ತದೆ. ‘ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ’ ಎಂಬ ಮಾತು ನಂಬಿ ಬಿಗಿ ಶೂ ಕೊಳ್ಳಲೇಬೇಡಿ.

ಉಜ್ಜುವಿಕೆ ತಪ್ಪಿಸಿ

ಗಂಟಿನ ಮೇಲೆ ಸಿಲಿಕೋನ್ ಪ್ಯಾಡ್ ಇಟ್ಟುಕೊಳ್ಳಬಹುದು. ಶೂವಿನಲ್ಲಿ ಜಾಗವಿದ್ದರೆ ಮಾತ್ರ. ಇಲ್ಲದಿದ್ದರೆ ಪ್ಯಾಡೇ ಒತ್ತಡ ಹೆಚ್ಚಿಸುತ್ತದೆ. ಮೊದಲೆರಡು ಬೆರಳುಗಳ ನಡುವೆ ಇಡುವ ಸ್ಪೇಸರ್ ಕೆಲವರಿಗೆ ಹಿತವೆನಿಸುತ್ತದೆ. ರಾತ್ರಿ ಕಟ್ಟಿಕೊಳ್ಳುವ ಸ್ಪ್ಲಿಂಟ್ ಬಗ್ಗೆ ಮಾತ್ರ ಹೆಚ್ಚು ಆಸೆ ಬೇಡ. ಕಟ್ಟಿರುವಷ್ಟು ಹೊತ್ತು ಬೆರಳು ನೆಟ್ಟಗಿರುತ್ತದೆ, ಬಿಚ್ಚಿದರೆ ಮೊದಲಿನಂತೆಯೇ. ಪಾದ ಚಪ್ಪಟೆಯಾಗಿದ್ದರೆ ಶೂವಿನೊಳಗೆ ಅಂಗಾಲಿನಡಿ ಇಡುವ ಇನ್‌ಸೋಲ್ ನೆರವಾಗಬಹುದು, ಫಿಸಿಯೋಥೆರಪಿಸ್ಟ್‌ಗೆ ತೋರಿಸಿ ಆರಿಸಿಕೊಳ್ಳಿ.

ದಿನಕ್ಕಿಷ್ಟು ವ್ಯಾಯಾಮ

ಕುಳಿತು, ಅಂಗಾಲನ್ನು ನೆಲಕ್ಕೆ ಊರಿ, ಬೆರಳುಗಳನ್ನು ಬೀಸಣಿಗೆಯಂತೆ ಅಗಲಿಸಿ. 5 ಸೆಕೆಂಡ್ ಹಿಡಿದು ಬಿಡಿ. 10 ಸಲ ಮಾಡಿ. ಹೆಬ್ಬೆರಳು ಮೊದಮೊದಲು ಹೇಳಿದ ಮಾತು ಕೇಳದಿದ್ದರೆ ಕೈಯಿಂದ ಮೆಲ್ಲಗೆ ಸರಿಸಿ ಸಹಾಯ ಮಾಡಿ. ಆಮೇಲೆ ಗೋಡೆಗೆ ಕೈ ಕೊಟ್ಟು, ಒಂದು ಕಾಲನ್ನು ಹಿಂದಿಟ್ಟು, ಅದರ ಹಿಮ್ಮಡಿ ಮೇಲೇಳದಂತೆ ಮೀನಖಂಡವನ್ನು 30 ಸೆಕೆಂಡ್ ಹಿಗ್ಗಿಸಿ. ಮೀನಖಂಡ ಬಿಗಿಯಾಗಿದ್ದರೆ ನಡೆಯುವಾಗ ಮುಂಗಾಲಿನ ಮೇಲೆ ಹೊರೆ ಹೆಚ್ಚು ಬೀಳುತ್ತದೆ.

ನೋವು ಕೆರಳಿದ ದಿನ

ಬಟ್ಟೆಯಲ್ಲಿ ಸುತ್ತಿದ ಐಸನ್ನು 10ರಿಂದ 15 ನಿಮಿಷ ಇಡಿ, ಬರಿ ಐಸ್ ಚರ್ಮಕ್ಕೆ ತಾಗಬಾರದು. ಐಬುಪ್ರೊಫೆನ್‌ನಂಥ ಮಾತ್ರೆಯಿಂದ ಊತವೂ ಇಳಿಯುತ್ತದೆ. ಆದರೆ ಹೊಟ್ಟೆಯ ಹುಣ್ಣು, ಕಿಡ್ನಿ ತೊಂದರೆ ಇದ್ದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ನುಂಗಬಾರದು.

ಯಾವಾಗ ವೈದ್ಯರ ಬಳಿ ಹೋಗಬೇಕು?

ಕೀಲು ಇದ್ದಕ್ಕಿದ್ದಂತೆ ಕೆಂಪಾಗಿ, ಬಿಸಿಯಾಗಿ, ಮುಟ್ಟಿದರೆ ಜೀವ ಹೋಗುವಂತೆ ನೋಯುತ್ತಿದ್ದರೆ ಅದು ಗೌಟ್ (ಯೂರಿಕ್ ಆಮ್ಲದ ಹರಳುಗಳಿಂದ ಬರುವ ಕೀಲೂತ) ಅಥವಾ ಸೋಂಕು ಇರಬಹುದು, ತಡ ಮಾಡಬೇಡಿ. ಸಕ್ಕರೆ ಕಾಯಿಲೆಯಿರುವವರು, ಪಾದದಲ್ಲಿ ಸ್ಪರ್ಶಜ್ಞಾನ ಕಡಿಮೆಯಾದವರು ಗಂಟಿನ ಮೇಲಿನ ಸಣ್ಣ ಗಾಯವನ್ನೂ ಹಗುರವಾಗಿ ಕಾಣಬಾರದು. ಹೆಬ್ಬೆರಳು ಎರಡನೇ ಬೆರಳಿನ ಕೆಳಗೆ ನುಗ್ಗುತ್ತಿದ್ದರೆ, ಅಥವಾ ಅಗಲದ ಶೂ ಹಾಕಿಯೂ ಕೆಲವು ತಿಂಗಳಲ್ಲಿ ನೋವು ತಗ್ಗದಿದ್ದರೆ ಮೂಳೆ ತಜ್ಞರನ್ನು ಕಾಣಿ. ನೋವಿಲ್ಲದ ಗಂಟಿಗೆ, ನೋಡಲು ಚೆನ್ನಾಗಿಲ್ಲ ಎಂಬ ಒಂದೇ ಕಾರಣಕ್ಕೆ, ಆಪರೇಷನ್ ಮಾಡಿಸಿಕೊಳ್ಳುವ ಅಗತ್ಯವಿಲ್ಲ.